ತಂಬೂರಿ ಕೇಳಿದ ಕಿವಿಗೆ ಫಿನ್ಲೆಂಡಿನ ಒಂಟಿ ಪಿಟೀಲು

ಪ್ರಶ್ನೆ: ನಾನು ಹನ್ನೆರಡು ವರ್ಷ ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತವಳು. ಫಿನ್ಲೆಂಡಿನ ಸಂಯೋಜಕ ಸಿಬೇಲಿಯಸ್ ಅವರ ವಯೊಲಿನ್ ಕಾನ್ಚೆರ್ಟೊ (ವಾದ್ಯವೃಂದದೊಂದಿಗೆ ಪಿಟೀಲು ಮುಖ್ಯವಾಗಿ ನುಡಿಯುವ ಕೃತಿ) ಕೇಳಿ ಮನಸೋತು, ಅದೇ ಫಿನ್ಲೆಂಡಿನ ಈಚಿನ ಸಂಯೋಜಕರು ಪಕ್ಕವಾದ್ಯವಿಲ್ಲದ ಒಂಟಿ ಪಿಟೀಲಿಗೆ ಬರೆದ ಕೃತಿಗಳನ್ನು ಹುಡುಕಿ ಕೇಳಿದೆ. ರಾಗವೂ ಸಿಗಲಿಲ್ಲ, ತಾಳವೂ ಸಿಗಲಿಲ್ಲ; ಕೆಲವು ಕಡೆ ಎಣ್ಣೆ ಕಾಣದ ಬಾಗಿಲಿನ ಸದ್ದಿನಂತೆ ಕೇಳಿಸಿತು. ಆದರೂ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ. ದೋಷ ನನ್ನ ಕಿವಿಯದೇ? ಯಾವ ಕೃತಿಯಿಂದ ಆರಂಭಿಸಬೇಕು? ಇವನ್ನು ನನ್ನಂಥವರು ನುಡಿಸಲು ಸಾಧ್ಯವೇ?

ಉತ್ತರ: ನಿಮ್ಮ ಕಿವಿಯಲ್ಲಿ ದೋಷವಿಲ್ಲ. ರಾಗವನ್ನು ಹಿಡಿಯಲು ಹೊರಟ ಕಿವಿಗೆ ರಾಗವೇ ಸಿಗದಿದ್ದಾಗ ಆಗುವ ದಿಗಿಲು ಅದು. ನನಗೂ ಮೊದಲ ವರ್ಷ ಹಾಗೆಯೇ ಆಗಿತ್ತು. ಆದರೆ ಈ ಸಂಗೀತಕ್ಕೆ ಬೇಕಾದ ಒಂದು ತಯಾರಿ ನಿಮ್ಮಲ್ಲಿ ಆಗಲೇ ಇದೆ ಎಂದು ನಾನು ನಂಬುತ್ತೇನೆ. ಅದು ನಿಮಗೆ ಸಿಕ್ಕಿರುವುದು ಪಿಟೀಲಿನಿಂದಲ್ಲ, ಪಾಠದ ಹೊತ್ತಿನಲ್ಲಿ ಹಿಂದೆ ನುಡಿಯುತ್ತಿದ್ದ ತಂಬೂರಿಯಿಂದ. ಆದ್ದರಿಂದ ಕೃತಿಗಳ ಹೆಸರು ಹೇಳುವುದಕ್ಕೆ ಮುಂಚೆ ತಂಬೂರಿಯ ವಿಷಯವನ್ನೇ ಸ್ವಲ್ಪ ಹೇಳುತ್ತೇನೆ.

ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ, ಸದ್ದು ಕರಗುವವರೆಗೂ ಕಾದರೆ, ಯಾರೂ ಮೀಟದ ಅಂತರ ಗಾಂಧಾರವೊಂದು ಅದರ ಒಳಗಿನಿಂದ ತಾನಾಗಿ ಮೂಡುತ್ತದೆ. ನಮ್ಮವರು ಅದನ್ನು ಸ್ವಯಂಭೂ ಸ್ವರ ಎಂದು ಕರೆದಿದ್ದಾರೆ. ಒಂದು ತಂತಿ ಕಂಪಿಸುವಾಗ ಇಡಿಯಾಗಿ ಮಾತ್ರ ಕಂಪಿಸುವುದಿಲ್ಲ. ಅರ್ಧವಾಗಿ, ಮೂರನೆಯ ಒಂದಾಗಿ, ನಾಲ್ಕನೆಯ ಒಂದಾಗಿ, ಐದನೆಯ ಒಂದಾಗಿ ಏಕಕಾಲದಲ್ಲಿ ಕಂಪಿಸುತ್ತದೆ. ಈ ಐದನೆಯ ಪಾಲಿನ ಕಂಪನವೇ ನಮಗೆ ಕೇಳಿಸುವ ಗಾಂಧಾರ. ಕುದುರೆಯ, ಎಂದರೆ ತಂತಿಗಳನ್ನು ಹೊರುವ ಬ್ರಿಜ್ಜಿನ, ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವದ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಸ್ವರಸ್ಥಾನ ಬದಲಾಗುವುದಿಲ್ಲ, ಆದರೆ ನಾದದ ಬಣ್ಣ ಪೂರ್ತಿ ಬದಲಾಗುತ್ತದೆ. ತಂಬೂರಿ ಸೇರಿಸುವವರು ದಾರವನ್ನು ಹಿಂದೆ ಮುಂದೆ ಸರಿಸುತ್ತಾ ತಲೆ ಬಾಗಿಸಿ ಕೇಳುವುದು ಈ ಬಣ್ಣವನ್ನೇ.

ಇನ್ನು ನಿಮ್ಮ ಪಿಟೀಲನ್ನು ಕೈಗೆತ್ತಿಕೊಳ್ಳಿ. ಯಾವುದಾದರೂ ಒಂದು ಖಾಲಿ ತಂತಿಯ ಮೇಲೆ ಬೆರಳಿಡದೆ, ಫಿಂಗರ್‌ಬೋರ್ಡಿನ ತುದಿಯ ಮೇಲೆಯೇ ಕಮಾನನ್ನು ಹಗುರವಾಗಿ, ನಿಧಾನವಾಗಿ ಎಳೆಯಿರಿ. ಕೊಳಲಿನಂಥ ಮೆದುವಾದ, ಉಸಿರು ಬೆರೆತ ಸದ್ದು ಬರುತ್ತದೆ. ಎಳೆಯುತ್ತಿರುವಂತೆಯೇ ಕಮಾನನ್ನು ಸ್ವಲ್ಪ ಸ್ವಲ್ಪವಾಗಿ ಬ್ರಿಜ್ಜಿನ ಕಡೆಗೆ ಸರಿಸುತ್ತಾ ಹೋಗಿ. ಸದ್ದು ಮೊದಲು ತುಂಬಿಕೊಳ್ಳುತ್ತದೆ, ಆಮೇಲೆ ಗಡುಸಾಗುತ್ತದೆ, ಕೊನೆಗೆ ಬ್ರಿಜ್ಜಿನ ಅಂಚಿಗೆ ಬಂದಾಗ ಮೂಲ ಸ್ವರ ಹಿಂದೆ ಸರಿದು ಗಾಜು ಕೆರೆದಂಥ ಸಿಳ್ಳುಗಳು ಮೇಲೆ ಮೇಲೆ ತಲೆಯೆತ್ತುತ್ತವೆ. ಆ ಸಿಳ್ಳುಗಳೆಲ್ಲ ಅದೇ ತಂತಿಯ ಸ್ವಯಂಭೂ ಸ್ವರಗಳು. ಈಗ ಅಲ್ಲಿಯೇ ಕಮಾನಿನ ಒತ್ತಡವನ್ನು ಹೆಚ್ಚಿಸಿದರೆ ಸ್ವರ ಒಡೆದು ಬರೀ ಗರಗರ ಸದ್ದಾಗುತ್ತದೆ. ನೀವು ಬಾಗಿಲಿನ ಸದ್ದು ಎಂದದ್ದು ಬಹುಶಃ ಇದನ್ನೇ. ಶುದ್ಧ ನಾದದಿಂದ ಗದ್ದಲದವರೆಗಿನ ಈ ದಾರಿ ಇಷ್ಟು ವರ್ಷವೂ ನಿಮ್ಮ ಕೈಯಲ್ಲೇ ಇತ್ತು. ನಮ್ಮ ಗುರುಗಳು ಅದರಲ್ಲಿ ಒಂದು ಜಾಗವನ್ನು ಮಾತ್ರ ಆರಿಸಿಕೊಂಡು, ಉಳಿದದ್ದನ್ನು ‘ಅಪಸ್ವರ, ಕಮಾನು ನೆಟ್ಟಗೆ ಹಿಡಿ’ ಎಂದು ತಿದ್ದಿದರು. ನೀವು ಕೇಳಿದ ಫಿನ್ಲೆಂಡಿನ ಸಂಯೋಜಕರಲ್ಲಿ ಮುಖ್ಯರಾದ ಕೆಲವರು ಆ ಇಡೀ ದಾರಿಯನ್ನೇ ತಮ್ಮ ಸಂಗೀತದ ನೆಲವನ್ನಾಗಿ ಮಾಡಿಕೊಂಡರು.

ಅವರು ಅಲ್ಲಿಗೆ ಬಂದದ್ದು ಭಾರತದ ಮೂಲಕ ಅಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಫಿನ್ಲೆಂಡಿನಲ್ಲಿ 20ನೇ ಶತಮಾನದ ಬಹುಭಾಗ ಸಿಬೇಲಿಯಸ್ ಅವರ ನೆರಳು ದೊಡ್ಡದಾಗಿತ್ತು. ಅವರು ಸ್ವತಃ ಪಿಟೀಲು ವಿದ್ವಾಂಸರಾಗಬೇಕೆಂದು ಯೌವನದಲ್ಲಿ ಹಂಬಲಿಸಿದ್ದವರು. 1957ರಲ್ಲಿ ತೀರಿಕೊಳ್ಳುವ ವೇಳೆಗೆ ರಾಷ್ಟ್ರದ ಪ್ರತೀಕವೇ ಆಗಿಬಿಟ್ಟಿದ್ದರು. 1977ರಲ್ಲಿ ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯ ಕೆಲವು ಎಳೆಯ ವಿದ್ಯಾರ್ಥಿಗಳು ‘ಕೊರ್ವತ್ ಔಕಿ’ ಎಂಬ ಸಂಘ ಕಟ್ಟಿದರು. ಆ ಹೆಸರಿನ ಅರ್ಥ ‘ಕಿವಿ ತೆರೆಯಿರಿ’ ಎಂದು. ಕೈಯಾ ಸಾರಿಯಾಹೊ, ಮಾಗ್ನುಸ್ ಲಿಂಡ್‌ಬೆರ್ಗ್, ಎಸಾ-ಪೆಕ್ಕಾ ಸಲೊನೆನ್ ಮೊದಲಾದವರೆಲ್ಲ ಆ ಗುಂಪಿನವರು. ಸಾರಿಯಾಹೊ ಜರ್ಮನಿಯಲ್ಲಿ ಓದು ಮುಂದುವರಿಸಿ, 1982ರಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಶೋಧನಾ ಕೇಂದ್ರಕ್ಕೆ ಹೋದರು. ಒಂದು ನಾದದ ಒಳಗಿನ ಪಾಲುಗಳನ್ನು ಕಂಪ್ಯೂಟರಿನಿಂದ ಬಿಡಿಸಿ ನೋಡಿ, ಅವುಗಳಿಂದಲೇ ಸ್ವರಮೇಳವನ್ನು, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನು, ಕಟ್ಟುವ ಕೆಲಸ ಆಗ ಅಲ್ಲಿ ನಡೆಯುತ್ತಿತ್ತು. ತಂಬೂರಿ ಸೇರಿಸುವವರು ಕಿವಿಯಿಂದ ಮಾಡುವುದನ್ನು ಅವರು ಯಂತ್ರದಿಂದ ಆರಂಭಿಸಿ ಕಿವಿಗೆ ತಂದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದೇ ‘ಕಿವಿ ತೆರೆಯಿರಿ’ ಗುಂಪಿನಲ್ಲಿದ್ದ ಏರೊ ಹಾಮೆನ್ನಿಯೆಮಿ ಎಂಬ ಸಂಯೋಜಕರು ಮುಂದೆ ದಕ್ಷಿಣ ಭಾರತಕ್ಕೆ ಮತ್ತೆ ಮತ್ತೆ ಬಂದು, ತಮಿಳಿನ ಸಂಗಂ ಕವಿತೆಗಳಿಗೆ ಮನಸೋತು, ಅವುಗಳನ್ನು ಬಾಂಬೆ ಜಯಶ್ರೀ ಅವರ ಕಂಠಕ್ಕೆಂದು ಸಂಯೋಜಿಸಿದರು. ಅವು ಒಂಟಿ ಪಿಟೀಲಿನ ಕೃತಿಗಳಲ್ಲವಾದ್ದರಿಂದ ನಿಮ್ಮ ಪ್ರಶ್ನೆಯ ಹೊರಗೆ ಉಳಿಯುತ್ತವೆ. ಆದರೆ ಆ ಗುಂಪಿಗೂ ನಮ್ಮ ಸಂಗೀತಕ್ಕೂ ನಡುವೆ ಒಬ್ಬರಾದರೂ ನಡೆದಾಡಿದ್ದಾರೆ ಎಂಬುದು ನನಗೆ ಬಹಳ ಸಂತೋಷದ ಸಂಗತಿ.

ಈಗ ಕೃತಿಗಳಿಗೆ ಬರೋಣ. ಮೊದಲ ಕೃತಿಯಾಗಿ ಸಲೊನೆನ್ 2002ರಲ್ಲಿ ಬರೆದ ‘ಲಾಖೆನ್ ಫೆರ್‌ಲೆರ್ನ್ಟ್’ ಅನ್ನು ಆರಿಸಿಕೊಳ್ಳಿ. ಸುಮಾರು ಹತ್ತು ನಿಮಿಷದ ಕೃತಿ. ಮೊದಲು ನುಡಿಸಿದವರು ಚೋ-ಲಿಯಾಂಗ್ ಲಿನ್. ಹೆಸರು ಜರ್ಮನ್ ಭಾಷೆಯದು, ನಗುವುದನ್ನು ಮರೆತಿದ್ದೇನೆ ಎಂಬ ಭಾವ. ಆಸ್ಟ್ರಿಯದ ಸಂಯೋಜಕ ಷೋನ್‌ಬೆರ್ಗ್ ಅವರ 1912ರ ‘ಪಿಯೆರೊ ಲುನೇರ್’ ಎಂಬ ಕೃತಿಯ ಒಂದು ಹಾಡಿನಲ್ಲಿ, ನಗು ಮರೆತುಹೋದವರೊಬ್ಬರು ಪಿಯೆರೊ ಎಂಬ ವಿದೂಷಕನ ಬಳಿ ಅದನ್ನು ಮರಳಿ ಕೊಡು ಎಂದು ಬೇಡುತ್ತಾರೆ. ಹೆಸರು ಅಲ್ಲಿಂದ ಬಂದದ್ದು. ಕೇಳುಗರು ಕಳೆದುಕೊಂಡ ಭಾವವನ್ನು ಅವರಿಗೆ ಮರಳಿ ಮುಟ್ಟಿಸಲು ಒಬ್ಬಂಟಿಯಾಗಿ ಹೆಣಗುವ ಕಲಾವಿದನ ಚಿತ್ರವನ್ನು ಸಲೊನೆನ್ ಅದರಲ್ಲಿ ಕಂಡರು.

ಇದನ್ನು ಮೊದಲಿಗೆ ಹೇಳಲು ಕಾರಣ ಅದರ ಕಟ್ಟು. ಅದು ಶಕೋನ್ ಎಂಬ ಹಳೆಯ ಪಾಶ್ಚಾತ್ಯ ಪ್ರಕಾರದಲ್ಲಿದೆ: ಸ್ವರಮೇಳಗಳ ಒಂದೇ ಸಾಲು ಆರಂಭದಿಂದ ಕೊನೆಯವರೆಗೆ ಮತ್ತೆ ಮತ್ತೆ ಸುತ್ತುತ್ತದೆ, ಅದರ ಮೇಲಿನ ಹೊದಿಕೆ ಮಾತ್ರ ಬದಲಾಗುತ್ತದೆ. ಪಲ್ಲವಿಯ ಒಂದು ಸಾಲಿಗೆ ನಾವು ಒಂದರ ಮೇಲೊಂದು ಸಂಗತಿ ಹಾಕುತ್ತಾ ಹೋಗುವುದನ್ನು ನೆನೆದುಕೊಳ್ಳಿ. ವ್ಯತ್ಯಾಸ ಇಷ್ಟೇ: ನಮ್ಮ ಸಂಗತಿಗಳಲ್ಲಿ ನೆಲೆ ನಿಲ್ಲುವುದು ರಾಗದ ಮಟ್ಟು ಮತ್ತು ಸಾಹಿತ್ಯ, ಇಲ್ಲಿ ನೆಲೆ ನಿಲ್ಲುವುದು ಸ್ವರಮೇಳಗಳ ಕ್ರಮ. ಕೃತಿ ತಗ್ಗಿದ ದನಿಯಲ್ಲಿ ಹಾಡುವಂತೆ ಆರಂಭವಾಗುತ್ತದೆ. ಸುತ್ತು ಸುತ್ತಿಗೂ ಸ್ವರಗಳು ದಟ್ಟವಾಗುತ್ತಾ, ಕಾಲ ಏರುತ್ತಾ, ಕೊನೆಗೆ ಕಮಾನಿಗೆ ಉಸಿರಾಡಲು ಬಿಡುವಿಲ್ಲದ ಉನ್ಮಾದಕ್ಕೆ ತಲುಪಿ, ಅಲ್ಲಿಂದ ಥಟ್ಟನೆ ಬಿದ್ದು, ಚಿಕ್ಕದೊಂದು ಮುಕ್ತಾಯದಲ್ಲಿ ಅಡಗುತ್ತದೆ. ಮೊದಲ ಮೂರು ನಾಲ್ಕು ಸಲ ಕೇಳುವಾಗ ಮೇಲಿನ ಹೊದಿಕೆಯ ಹಿಂದೆ ಹೋಗಬೇಡಿ. ಆರಂಭದ ನಿಧಾನದ ಭಾಗವನ್ನಷ್ಟೇ ಬಾಯಲ್ಲಿ ಗುನುಗುವಷ್ಟು ಪರಿಚಯ ಮಾಡಿಕೊಂಡು, ಅನಂತರ ಇಡೀ ಕೃತಿ ಕೇಳಿದರೆ, ವೇಗದ ಭಾಗದ ಅಡಿಯಲ್ಲೂ ಅದೇ ಹೆಜ್ಜೆಗಳು ಸಾಗುತ್ತಿರುವುದು ಒಂದು ದಿನ ಕಿವಿಗೆ ಬೀಳುತ್ತದೆ. ಅಂದಿನಿಂದ ಈ ಕೃತಿ ನಿಮ್ಮದಾಗುತ್ತದೆ.

ಎರಡನೆಯದಾಗಿ ಸಾರಿಯಾಹೊ ಅವರ ‘ನೊಕ್ಟುರ್ನ್’. ಪೋಲೆಂಡಿನ ಹಿರಿಯ ಸಂಯೋಜಕ ವಿಟೋಲ್ಡ್ ಲುಟೊಸ್ಲಾವ್‌ಸ್ಕಿ 1994ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರ ನೆನಪಿಗೆಂದು ಬರೆದದ್ದು. ಆಗ ಸಾರಿಯಾಹೊ ‘ಗ್ರಾಲ್ ತೆಆತ್ರ್’ ಎಂಬ ಪಿಟೀಲು ಕಾನ್ಚೆರ್ಟೊವಿನ ಕೆಲಸದಲ್ಲಿದ್ದರು. ಆ ದೊಡ್ಡ ಕೃತಿಯ ಸಾಮಗ್ರಿಯಿಂದಲೇ ಈ ಚಿಕ್ಕದು ಹುಟ್ಟಿತು. ಐದಾರು ನಿಮಿಷದ್ದಷ್ಟೇ. ನಾನು ಮೇಲೆ ಹೇಳಿದ ಕಮಾನಿನ ಪ್ರಯೋಗವನ್ನು ನೀವು ಮಾಡಿ ನೋಡಿದ್ದರೆ, ಇಲ್ಲಿ ನಿಮಗೆ ಅಪರಿಚಿತವಾದದ್ದು ಹೆಚ್ಚೇನೂ ಇರುವುದಿಲ್ಲ: ಉದ್ದವಾಗಿ ಎಳೆದ ಸ್ವರ ಮೆದುವಿನಿಂದ ಗಾಜಿನಂಥ ಸದ್ದಿಗೆ ಸರಿಯುತ್ತದೆ, ತಂತಿಯನ್ನು ಒತ್ತದೆ ಬೆರಳು ಸುಮ್ಮನೆ ಸೋಕಿದಾಗ ಹುಟ್ಟುವ ಹಾರ್ಮೋನಿಕ್ ಸ್ವರ ಒತ್ತಿದ ಸ್ವರದೊಂದಿಗೆ ಬೆರೆತು ನಡುಗುತ್ತದೆ. ನಮ್ಮಲ್ಲಿ ಗಮಕ ಸ್ವರಕ್ಕೆ ಜೀವ ಕೊಡುವಂತೆ ಇಲ್ಲಿ ಬಣ್ಣದ ಬದಲಾವಣೆ ಜೀವ ಕೊಡುತ್ತದೆ. ಕಂಪಿತವೆಂಬ ಗಮಕದಲ್ಲಿ ಸ್ವರದ ಸ್ಥಾನ ತೂಗುತ್ತದೆ. ಸಾರಿಯಾಹೊ ಅವರಲ್ಲಿ ಎಷ್ಟೋ ಸಲ ಸ್ಥಾನ ಅಲುಗದೆ ನಾದವೇ ತೂಗುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಹಿಡಿದುಕೊಂಡರೆ ಇಲ್ಲಿ ಏನೂ ನಡೆಯುತ್ತಿಲ್ಲ ಎಂಬ ಬೇಸರ ತಾನಾಗಿ ಹೋಗುತ್ತದೆ. ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಈ ಸಂಗೀತದ ಅರ್ಧ ಪಾಲು ಅತಿ ಮೆಲುದನಿಯಲ್ಲಿದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ರಾತ್ರಿ ಬೀದಿಯ ಸದ್ದು ಅಡಗಿದ ಮೇಲೆ ಕೇಳಿ.

ಮೂರನೆಯ ಕೃತಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ನಿಮಗೂ ಅತ್ಯಂತ ಹತ್ತಿರವಾಗಬಹುದಾದದ್ದು: ಸಾರಿಯಾಹೊ 2011ರಲ್ಲಿ ಬರೆದ ‘ಫ್ರೀಜ್’, ಎಂದರೆ ಗೋಡೆಯ ಮೇಲಿನ ಅಲಂಕಾರದ ಪಟ್ಟಿಕೆಗಳು. ಇದು ಪಿಟೀಲು ಮತ್ತು ಇಲೆಕ್ಟ್ರಾನಿಕ್ ಧ್ವನಿಗಳಿಗಾಗಿ ಬರೆದದ್ದಾದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಒಂಟಿ ಪಿಟೀಲು ಎನ್ನಲಾಗದು. ಆದರೆ ವೇದಿಕೆಯ ಮೇಲೆ ಇರುವವರು ಒಬ್ಬರೇ. ರಿಷಾರ್ ಷ್ಮುಕ್ಲೆರ್ ಎಂಬ ಪಿಟೀಲುವಾದಕರಿಗೆ ಒಂದು ಆಸೆಯಿತ್ತು. ಜರ್ಮನಿಯ ಹಳೆಯ ಸಂಯೋಜಕ ಬಾಖ್ ಅವರು ಒಂಟಿ ಪಿಟೀಲಿಗೆ ಬರೆದ ಎರಡನೆಯ ಪಾರ್ಟಿಟಾದ (ಹಲವು ಭಾಗಗಳ ಕೃತಿಯ) ಕೊನೆಯಲ್ಲಿ ಬರುವ, ಸುಮಾರು ಕಾಲು ಗಂಟೆಯ ಆ ಪ್ರಸಿದ್ಧ ಶಕೋನ್ ಮುಗಿದ ಕೂಡಲೇ ನುಡಿಸಬಹುದಾದ ಒಂದು ಕೃತಿ ಬೇಕು ಎಂಬುದು ಆ ಆಸೆ. ಆ ಶಕೋನ್ ನಿಲ್ಲುವುದು ಪಾಶ್ಚಾತ್ಯರು ‘ಡಿ’ ಎನ್ನುವ ಸ್ವರದ ಮೇಲೆ, ನಾವು ಎರಡು ಮನೆ ಶ್ರುತಿ ಎನ್ನುತ್ತೇವಲ್ಲ, ಅದರ ಷಡ್ಜದ ಮೇಲೆ. ‘ಫ್ರೀಜ್’ ಅದೇ ಸ್ವರವನ್ನು ಕೈಗೆತ್ತಿಕೊಂಡು ಅದರ ಸುತ್ತಲೇ ಬೆಳೆಯುತ್ತದೆ.

ಅದರಲ್ಲಿ ನಾಲ್ಕು ಭಾಗಗಳಿವೆ. ನಾಲ್ಕರಲ್ಲೂ ಒಂದನ್ನು ಹಿಡಿದು ಮರಳಿ ಮರಳಿ ಅದರ ಮೇಲೆ ಕಟ್ಟುವ ಹಳೆಯ ಪಾಶ್ಚಾತ್ಯ ಕ್ರಮಗಳೇ ಆಧಾರ. ಮೊದಲನೆಯದು ‘ಹಳದಿ ಪಟ್ಟಿಕೆ’: ನಿಂತ ‘ಡಿ’ ಸ್ವರದ ಸುತ್ತ ಪಿಟೀಲು ಬಿಡುವಾಗಿ, ಮನೋಧರ್ಮದಂತೆಯೇ ಕೇಳಿಸುವ ರೀತಿಯಲ್ಲಿ ಅಲೆಯುತ್ತದೆ, ಹಿಂದಿನಿಂದ ಗಂಟೆಯ ನಾದಗಳು ಬಂದು ಅದಕ್ಕೆ ಆಳ ಕೊಡುತ್ತವೆ. ಇದು ಬರೆದಿಟ್ಟ ಸಂಗೀತವೇ ಹೊರತು ಆಲಾಪನೆಯಲ್ಲ, ಆದರೂ ಷಡ್ಜ ಕೇಳುತ್ತಿರುವಾಗ ಅದರಿಂದ ಎಷ್ಟು ದೂರ ಹೋದೆವು, ಯಾವಾಗ ಮರಳುತ್ತೇವೆ ಎಂದು ಅಳೆಯುವ ಅಭ್ಯಾಸವಿರುವ ಕಿವಿಗೆ ಈ ಭಾಗದಲ್ಲಿ ಯಾರ ವಿವರಣೆಯೂ ಬೇಕಾಗುವುದಿಲ್ಲ. ಎರಡನೆಯದು ‘ಹೂವಿನ ಪಟ್ಟಿಕೆ’, ಮೂರನೆಯದು ನೆಲಕ್ಕೆ ಹಾಸಿದ ಕಲ್ಲುಗಳ ವಿನ್ಯಾಸದ ಹೆಸರು ಹೊತ್ತದ್ದು. ನಾಲ್ಕನೆಯದಾದ ‘ಬೂದು ಪಟ್ಟಿಕೆ’ಯಲ್ಲಿ ಎಡಗೈಯ ಬೆರಳು ತಂತಿಯನ್ನು ಮೀಟುತ್ತಾ ಒಂದು ಭಾರವಾದ ನಡಿಗೆಯನ್ನು ಹಿಡಿಯುತ್ತದೆ, ಅದೇ ಹೊತ್ತಿಗೆ ಬಲಗೈಯ ಕಮಾನು ಅದರ ಮೇಲೆ ಹಾಡುತ್ತದೆ. ಒಬ್ಬರೇ ಇಬ್ಬರಾಗಿ ಯಾವುದೋ ಮೆರವಣಿಗೆಯ ಹಿಂದೆ ನಡೆಯುತ್ತಿರುವಂತೆ ನನಗೆ ಪ್ರತಿ ಸಲವೂ ಅನಿಸಿದೆ. ಇಲೆಕ್ಟ್ರಾನಿಕ್ ಭಾಗದಲ್ಲಿ ಎರಡು ಬಗೆ: ಮುಂಚೆಯೇ ಸಿದ್ಧಪಡಿಸಿದ ಧ್ವನಿಗಳು ಕೆಲವು, ಪಿಟೀಲಿನ ಸದ್ದನ್ನೇ ಆ ಕ್ಷಣದಲ್ಲಿ ಹಿಡಿದು ಬದಲಿಸಿ ಮರಳಿ ಸಭೆಗೆ ಬಿಡುವುದು ಇನ್ನೊಂದು. ಆದ್ದರಿಂದ ಯಂತ್ರವನ್ನು ಪಕ್ಕವಾದ್ಯವೆಂದು ಭಾವಿಸಬೇಡಿ. ತಂಬೂರಿಯ ಜೀವದ ದಾರ ಮಾಡುವ ಕೆಲಸಕ್ಕೆ ಅದು ಹೆಚ್ಚು ಸಮೀಪ.

ಈ ಮೂರನ್ನು ಒಂದೆರಡು ತಿಂಗಳು ಕೇಳಿದ ಮೇಲೆ ಹಿಂದಿನ ತಲೆಮಾರಿನತ್ತ ಹೋಗಬಹುದು. ಅಲ್ಲಿಗೆ ದಾರಿ ಹೆಲ್ಸಿಂಕಿಯ ಸಿಬೇಲಿಯಸ್ ಪಿಟೀಲು ಸ್ಪರ್ಧೆ. ಸಿಬೇಲಿಯಸ್ ಹುಟ್ಟಿ ನೂರು ವರ್ಷವಾದ 1965ರಲ್ಲಿ ಅದು ಆರಂಭವಾಯಿತು. ಐದು ವರ್ಷಕ್ಕೊಮ್ಮೆ ನಡೆಯುವುದು ರೂಢಿ. ಸ್ಪರ್ಧಿಗಳೆಲ್ಲ ನುಡಿಸಲೇಬೇಕಾದ ಹೊಸ ಕೃತಿಯನ್ನು ಫಿನ್ಲೆಂಡಿನ ಸಂಯೋಜಕರಿಂದ ಬರೆಸುವ ಪದ್ಧತಿಯಿಂದಾಗಿ ಒಂಟಿ ಪಿಟೀಲಿಗೆ ಒಳ್ಳೆಯ ಕೃತಿಗಳು ಸೇರುತ್ತಾ ಬಂದವು. ಔಲಿಸ್ ಸಲ್ಲಿನೆನ್ ಅವರ 1965ರ ‘ಕಾದೆನ್ಜೆ’ ಮತ್ತು ಐನೊಯುಹಾನಿ ರೌತವಾರ ಅವರ 1974ರ ‘ವರಿಯೆತ್ಯೂದ್’ ಹೀಗೆ ಬಂದವು. ಎರಡನೆಯದರ ಹೆಸರಿನಲ್ಲಿ ವೇರಿಯೇಷನ್ ಮತ್ತು ಎತ್ಯೂದ್, ಎಂದರೆ ಬೇರೆ ಬೇರೆ ರೂಪದಲ್ಲಿ ಬೆಳೆಸುವುದು ಮತ್ತು ಅಭ್ಯಾಸಕೃತಿ, ಎರಡೂ ಬೆಸೆದುಕೊಂಡಿವೆ. ಸ್ಪರ್ಧೆಗೆ ಬರೆದವಾದ್ದರಿಂದ ಇವುಗಳಲ್ಲಿ ಕೈಚಳಕಕ್ಕೆ ಹೆಚ್ಚು ಜಾಗವಿದೆ. ಸಾರಿಯಾಹೊ ಅವರ ಒಳಮುಖವಾದ ನಿಧಾನವನ್ನು ಇಲ್ಲಿ ಹುಡುಕಬಾರದು. ಕಾಲೆವಿ ಆಹೊ ಒಂದೊಂದು ವಾದ್ಯಕ್ಕೆ ಒಂದರಂತೆ ಬರೆಯುತ್ತಾ ಬಂದ ‘ಸೋಲೊ’ ಮಾಲೆಯ ಮೊದಲ ಕೃತಿಯೂ ಪಿಟೀಲಿಗೇ ಇದೆ, 1975ರದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಯಾರು ನುಡಿಸಿದ್ದನ್ನು ಕೇಳಬೇಕು ಎಂಬುದೂ ಮುಖ್ಯ. ಅಮೆರಿಕದ ಜೆನಿಫರ್ ಕೋ 2012ರಲ್ಲಿ ಹೊರತಂದ ‘ಬಾಖ್ ಆ್ಯಂಡ್ ಬಿಯಾಂಡ್’ ಮಾಲೆಯ ಮೊದಲ ಧ್ವನಿಮುದ್ರಿಕೆಯಲ್ಲಿ ಬಾಖ್ ಅವರ ಆ ಎರಡನೆಯ ಪಾರ್ಟಿಟಾ, ಸಾರಿಯಾಹೊ ಅವರ ‘ನೊಕ್ಟುರ್ನ್’, ಸಲೊನೆನ್ ಅವರ ಶಕೋನ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಆರಂಭಕ್ಕೆ ಇದಕ್ಕಿಂತ ಅನುಕೂಲವಾದ ಜೋಡಣೆ ನನಗೆ ಗೊತ್ತಿಲ್ಲ. ಫಿನ್ಲೆಂಡಿನವರೇ ಬೇಕೆಂದರೆ ಪೆಕ್ಕಾ ಕೂಸಿಸ್ಟೊ. 1995ರಲ್ಲಿ ಸಿಬೇಲಿಯಸ್ ಸ್ಪರ್ಧೆಯನ್ನು ಗೆದ್ದ ಮೊದಲ ಫಿನ್ಲೆಂಡಿಗ ಅವರು. 2016ರ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಚೈಕೋವ್‌ಸ್ಕಿ ಕಾನ್ಚೆರ್ಟೊ ನುಡಿಸಿ ಮುಗಿಸಿದ ಮೇಲೆ, ಒಂದು ಜಾನಪದ ಹಾಡನ್ನು ಹೇಳಿಕೊಟ್ಟು ಇಡೀ ಸಭೆಯಿಂದ ಹಾಡಿಸಿದರು. ಅದರ ವಿಡಿಯೊ ನೋಡಿ. ಫಿನ್ನಿಷ್ ಭಾಷೆಯಲ್ಲಿ ಹಳ್ಳಿಯ ಪಿಟೀಲುಗಾರನಿಗೆ ‘ಪೆಲಿಮನ್ನಿ’ ಎನ್ನುತ್ತಾರೆ. ಕೌಸ್ಟಿನೆನ್ ಎಂಬ ಊರಿನ ಆ ಪರಂಪರೆಯನ್ನು ಯುನೆಸ್ಕೊ 2021ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಮೇಲಿನ ಕೃತಿಗಳಲ್ಲಿ ಆ ಹಾಡುಗಳ ಮಟ್ಟನ್ನು ಹುಡುಕಿದರೆ ಸಿಗಲಿಕ್ಕಿಲ್ಲ. ಆದರೆ ಪಿಟೀಲನ್ನು ಸಭಾಂಗಣದ ವಾದ್ಯವಾಗಿಯೂ ಅಂಗಳದ ವಾದ್ಯವಾಗಿಯೂ ಕಂಡ ನಾಡಿನಲ್ಲಿ ಅದರ ಒರಟು ಸದ್ದಿಗೆ ಯಾರೂ ಹೆದರಲಿಲ್ಲ ಎಂದು ಊಹಿಸಲು ನನಗೆ ಇಷ್ಟ.

ಕೊನೆಯದಾಗಿ, ನುಡಿಸುವ ಮಾತು. ಈ ಕೃತಿಗಳನ್ನು ಬರೆದ ಹಾಗೆಯೇ ಪೂರ್ತಿ ನುಡಿಸಬೇಕೆಂದರೆ ಪಾಶ್ಚಾತ್ಯ ಸ್ವರಲಿಪಿ ಕಲಿಯಬೇಕು; ಪಿಟೀಲನ್ನು ಭುಜದ ಮೇಲಿಟ್ಟು ಹಿಡಿಯುವುದಕ್ಕೂ ಒಗ್ಗಬೇಕು, ಅದಕ್ಕೆ ವರ್ಷಗಳೇ ಬೇಕಾಗುತ್ತವೆ. ಶ್ರುತಿಯೂ ಬೇರೆ: ನಾವು ಸ-ಪ-ಸ-ಪ ಎಂದು ಸೇರಿಸುವಾಗ ನಡುವಿನ ಎರಡು ತಂತಿಗಳ ಅಂತರ ಮಧ್ಯಮದ್ದಾಗುತ್ತದೆ, ಅವರಲ್ಲಿ ಎಲ್ಲ ತಂತಿಗಳ ನಡುವೆಯೂ ಪಂಚಮದ ಅಂತರವೇ ಇರುತ್ತದೆ. ಹೀಗಾಗಿ ಅವರ ಎರಡು ತಂತಿಯ ಜೋಡಿ ಸ್ವರಗಳು ನಮ್ಮ ಶ್ರುತಿಯಲ್ಲಿ ಅದೇ ಬೆರಳಿಗೆ ಬರುವುದಿಲ್ಲ. ನಿಮ್ಮ ಈಗಿನ ಕೂರುವ ಭಂಗಿಯನ್ನಾಗಲಿ, ಶ್ರುತಿಯನ್ನಾಗಲಿ ಇದಕ್ಕಾಗಿ ಕೆಡಿಸಿಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ.

ಆದರೆ ಒಂದು ತಂತಿಯ ಮೇಲೆ ನಡೆಯುವುದೆಲ್ಲ ನಿಮಗೆ ತೆರೆದಿದೆ, ಏಕೆಂದರೆ ತಂತಿಯ ಪಾಲುಗಳು ಯಾವ ಶ್ರುತಿಯಲ್ಲೂ ಅದೇ ಜಾಗದಲ್ಲಿರುತ್ತವೆ. ದಿನದ ಸಾಧನೆ ಮುಗಿದ ಮೇಲೆ ಹತ್ತು ನಿಮಿಷ ಎತ್ತಿಡಿ. ಮಂದ್ರ ಷಡ್ಜದ ತಂತಿಯ ಸರಿ ಮಧ್ಯದಲ್ಲಿ ಬೆರಳನ್ನು ಒತ್ತದೆ ಸೋಕಿಸಿ ಕಮಾನು ಎಳೆಯಿರಿ, ಮೇಲಿನ ಷಡ್ಜ ಬರುತ್ತದೆ. ಮೂರನೆಯ ಒಂದು ಪಾಲಿನಲ್ಲಿ ಸೋಕಿಸಿ, ಅದಕ್ಕೂ ಮೇಲಿನ ಪಂಚಮ ಬರುತ್ತದೆ. ನಾಲ್ಕನೆಯ ಒಂದು ಪಾಲಿನಲ್ಲಿ ಇನ್ನೂ ಮೇಲಿನ ಷಡ್ಜ. ಐದನೆಯ ಒಂದು ಪಾಲಿನಲ್ಲಿ, ಜಾಗ ಕೂದಲೆಳೆಯಷ್ಟೂ ತಪ್ಪದಿದ್ದರೆ, ತಂಬೂರಿಯಲ್ಲಿ ಕೇಳಿದ ಅದೇ ಅಂತರ ಗಾಂಧಾರ. ಅನಂತರ ಬೆರಳನ್ನು ಆ ಜಾಗದಲ್ಲಿ ಒತ್ತುವುದು, ಸೋಕುವುದು, ಮತ್ತೆ ಒತ್ತುವುದು ಹೀಗೆ ಬದಲಿಸುತ್ತಾ, ಒಂದೇ ಕಮಾನಿನಲ್ಲಿ ಫಿಂಗರ್‌ಬೋರ್ಡಿನಿಂದ ಬ್ರಿಜ್ಜಿಗೆ ಹೋಗಿ ಬನ್ನಿ. ಕಮಾನು ನಿಧಾನವಾದಷ್ಟೂ ಕಷ್ಟ ಹೆಚ್ಚು, ಸದ್ದೂ ಹೆಚ್ಚು ಚೆಂದ. ಇದು ಕೈಗೆ ಬಂದ ವಾರ ‘ನೊಕ್ಟುರ್ನ್’ ಅನ್ನು ಮತ್ತೆ ಹಾಕಿ ಕೇಳಿ, ಮೊದಲ ನಿಮಿಷದಲ್ಲಿ ಕಮಾನು ಎಲ್ಲಿದೆ, ಬೆರಳು ಒತ್ತಿದೆಯೋ ಸೋಕಿದೆಯೋ ಎಂದು ಕಣ್ಣು ಮುಚ್ಚಿ ಗುರುತು ಹಿಡಿಯಲು ಪ್ರಯತ್ನಿಸಿ. ಸ್ವರಲಿಪಿಯನ್ನು ನೋಡುವ ಆಸೆಯಾದರೆ, ಸಾರಿಯಾಹೊ ಮತ್ತು ಸಲೊನೆನ್ ಇಬ್ಬರ ಈ ಕೃತಿಗಳನ್ನೂ ಲಂಡನ್ನಿನ ಚೆಸ್ಟರ್ ಮ್ಯೂಸಿಕ್ ಪ್ರಕಟಿಸಿದೆ. ಉಳಿದ ಫಿನ್ಲೆಂಡಿನ ಸಂಯೋಜಕರ ಕೃತಿಗಳನ್ನು ವಾದ್ಯವಾರು ಹುಡುಕಲು ಮ್ಯೂಸಿಕ್ ಫಿನ್ಲೆಂಡ್ ಸಂಸ್ಥೆಯ ಕೃತಿಸೂಚಿ ಎಲ್ಲರಿಗೂ ತೆರೆದಿದೆ.